ಸೂರ್ಯಾಸ್ತ ನೋಡಿ ಹೋದವರಿಗೆ ಕಾಣದ ಆಗುಂಬೆ

ಹಾಸ್ಟೆಲ್‌ನಲ್ಲಿ 'ನಮ್ಮದು ಆಗುಂಬೆ ಕಡೆ' ಅಂದರೆ ಸಾಕು, ಎರಡೇ ಪ್ರಶ್ನೆ: ಸೂರ್ಯಾಸ್ತ ಕಾಣುತ್ತಾ? ಕಾಳಿಂಗ ಸರ್ಪ ಮನೆಗೆ ಬರುತ್ತಾ? ಮೇಷ್ಟ್ರುಗಳಾದರೆ 'ಮಾಲ್ಗುಡಿ ಡೇಸ್' ನೆನೆಯುತ್ತಾರೆ. ಶಂಕರ್‌ನಾಗ್ ಚಿತ್ರೀಕರಿಸಿದ ದೊಡ್ಡಮನೆ ಈಗಲೂ ಪೇಟೆಯಲ್ಲಿದೆ. ಪೇಟೆ ಅಂದರೆ ಒಂದು ರಸ್ತೆ, ಅಷ್ಟೆ!

ಊರಿರುವುದು ಅದರಾಚೆ. ಗುಡ್ಡೇಕೇರಿ, ಮೇಗರವಳ್ಳಿ, ಬಿದರಗೋಡು ಕಡೆ ಹೋದರೆ ಗುಡ್ಡಕ್ಕೊಂದು ಮನೆ, ಕೆಳಗೊಂದು ಅಡಿಕೆ ತೋಟ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರುವ ಮಳೆ ಪ್ರವಾಸಿಗರಿಗೆ ರೀಲ್ಸ್, ನಮಗೆ ಕೊಳೆರೋಗ. ಮಳೆಗಾಲ ಹಿಡಿಯುವ ಮೊದಲು ಒಮ್ಮೆ, ನಲವತ್ತು-ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ ಬೋರ್ಡೋ ಹೊಡೆಯಬೇಕು. ಮೈಲುತುತ್ತ, ಸುಣ್ಣದ ಆ ದ್ರಾವಣ ಗೊನೆಗೆ ಹಿಡಿಯಲು ಒಂದಿಷ್ಟು ಹೊತ್ತು ಹೊಳವಾಗಬೇಕಲ್ಲ? ಎರಡನೇ ಸಲದ ಹೊತ್ತಿಗೆ ಜುಲೈ. ಹೊಳವೆಲ್ಲಿ? ಅಪ್ಪ ದಿನಕ್ಕೆ ಹತ್ತು ಸಲ ಅಂಗಳಕ್ಕೆ ಬಂದು ಆಕಾಶ ನೋಡುತ್ತಾರೆ. ತಡವಾದರೆ ಎಳೆಗಾಯಿ ಕೊಳೆತು ಉದುರುತ್ತದೆ. ಈಚೆಗೆ ಎಲೆಚುಕ್ಕಿ ರೋಗವೂ ಸೇರಿಕೊಂಡು, ಗರಿಗಳು ಸುಟ್ಟಂತೆ ಒಣಗುತ್ತಿವೆ.

ಪಾಚಿಗಟ್ಟಿದ ಮರ ಹತ್ತುವವರು ಈಗ ಸಿಗುವುದೇ ಕಷ್ಟ. ನನ್ನ ವಯಸ್ಸಿನವರೆಲ್ಲ ಬೆಂಗಳೂರಿನಲ್ಲಿದ್ದಾರೆ; ಹತ್ತಲು ನನಗೂ ಬಾರದು. ಕಾರ್ಬನ್ ಫೈಬರ್ ದೋಟಿ ಬಂದು ನೆಲದಲ್ಲೇ ನಿಂತು ಔಷಧಿ ಹೊಡೆಯುವಂತಾಗಿರುವುದು ದೊಡ್ಡ ಸಮಾಧಾನ. ನಾಲ್ಕು ವರ್ಷದ ಬಿಇಯಲ್ಲಿ ಅಪ್ಪನಿಗೆ ಅರ್ಥವಾಗುವ ಪಾಠವೂ ಅದೊಂದೇ.

'ಇದೇ ಓದಿದ್ದಾ ನೀನು? ಹಾಗಾದರೆ ಇನ್ನೂ ಸ್ವಲ್ಪ ಹಗುರವಾದದ್ದು ಮಾಡು, ಭುಜ ಬಿದ್ದುಹೋಗುತ್ತೆ' ಎಂದಿದ್ದಾರೆ.