ಸ್ಕೂಬಾ: ಘಟ್ಟ ಹತ್ತುವುದೂ ಏರಿಕೆಯೇ

ಮಳೆಗಾಲ ಕಳೆದು ಅರಬ್ಬಿ ಸಮುದ್ರ ತಿಳಿಯಾಗುವ ಹೊತ್ತಿಗೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯ ಹುಡುಗರಲ್ಲೂ ಮುರ್ಡೇಶ್ವರಕ್ಕೆ ಹೋಗುವ ಮಾತು ಶುರುವಾಗುತ್ತದೆ. ಅಲ್ಲಿಂದ ಸುಮಾರು 19 ಕಿಲೋಮೀಟರ್ ದೂರ ದೋಣಿಯಲ್ಲಿ ಹೋದರೆ ನೇತ್ರಾಣಿ ನಡುಗಡ್ಡೆ. ಕರ್ನಾಟಕದಲ್ಲಿ ಸ್ಕೂಬಾ ಎಂದರೆ ಬಹುತೇಕ ಈ ನಡುಗಡ್ಡೆಯೇ. ಪುನೀತ್ ರಾಜಕುಮಾರ್ 'ಗಂಧದ ಗುಡಿ' ಸಾಕ್ಷ್ಯಚಿತ್ರಕ್ಕಾಗಿ ಇಲ್ಲಿ ಮುಳುಗಿದ್ದರು. 2022ರಲ್ಲಿ ಅದು ತೆರೆಕಂಡ ಮೇಲೆ ನೇತ್ರಾಣಿಯ ಹೆಸರು ಕರಾವಳಿ ಕಾಣದವರ ಬಾಯಲ್ಲೂ ಬಂತು. ಜಾಹೀರಾತುಗಳಂತೂ ಈಜು ಬರದಿದ್ದರೂ ಚಿಂತೆಯಿಲ್ಲ, ಫೋಟೊ, ವಿಡಿಯೊ ಎಲ್ಲ ಸೇರಿ ಇಷ್ಟು ದುಡ್ಡು ಎಂದು ಕರೆಯುತ್ತಲೇ ಇರುತ್ತವೆ. ಇವನ್ನು ನೋಡಿದ ಓದುಗರ ಪ್ರಶ್ನೆ ಸಾಮಾನ್ಯವಾಗಿ ಹೀಗಿರುತ್ತದೆ: ಬೆನ್ನಿಗೆ ಆಕ್ಸಿಜನ್ ಸಿಲಿಂಡರ್ ಇದ್ದ ಮೇಲೆ ಭಯವೇನು? ಬೆಳಿಗ್ಗೆ ಮುಳುಗಿ ರಾತ್ರಿ ಊಟದ ಹೊತ್ತಿಗೆ ಮನೆ ಸೇರಬಹುದಲ್ಲ? ಈ ಪ್ರಶ್ನೆಯ ಮೊದಲರ್ಧದಲ್ಲೊಂದು ತಪ್ಪು ತಿಳಿವಳಿಕೆಯಿದೆ. ಎರಡನೆಯ ಅರ್ಧ ನಿಜವಾಗಿಯೂ ಯೋಚಿಸಬೇಕಾದದ್ದು. ಸ್ಕೂಬಾದಲ್ಲಿ ದೊಡ್ಡ ಅಪಾಯವಿರುವುದು ಇಳಿಯುವುದರಲ್ಲಲ್ಲ, ಏರುವುದರಲ್ಲಿ. ಘಟ್ಟದ ಮೇಲಿನಿಂದ ಹೋದ ನಮ್ಮಂಥವರ ಏರಿಕೆ ನೀರಿನ ಮೇಲ್ಮೈಗೆ ಬಂದ ಕೂಡಲೇ ಮುಗಿಯುವುದಿಲ್ಲ.

ಮೊದಲು ಸಿಲಿಂಡರಿನ ವಿಚಾರ. ಅದರಲ್ಲಿರುವುದು ಶುದ್ಧ ಆಮ್ಲಜನಕವಲ್ಲ, ನಾವು ದಿನಾ ಉಸಿರಾಡುವ ಗಾಳಿಯೇ. ಅದನ್ನು ಸೋಸಿ, ತೇವ ತೆಗೆದು, ಹೊರಗಿನ ಗಾಳಿಯ ಸುಮಾರು 200 ಪಟ್ಟು, ಅಂದರೆ 200 ಬಾರ್ ಒತ್ತಡದಲ್ಲಿ ತುಂಬಿರುತ್ತಾರೆ. ಶುದ್ಧ ಆಮ್ಲಜನಕವನ್ನೇ ತುಂಬಿಕೊಂಡು ಇಳಿದರೆ ಆರೇಳು ಮೀಟರ್ ಆಳದಲ್ಲೇ ಅದು ನರಮಂಡಲಕ್ಕೆ ವಿಷವಾಗಿ ಫಿಟ್ಸ್ ಬರಿಸಬಲ್ಲದು. 12 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡವಿದ್ದರೆ 2,400 ಲೀಟರ್ ಗಾಳಿ ಸಿಕ್ಕಂತಾಯಿತು. ನಿಮಿಷಕ್ಕೆ 20 ಲೀಟರಿನಂತೆ ಉಸಿರಾಡುವವನಿಗೆ ನೆಲದ ಮೇಲೆ ಅದು ಎರಡು ಗಂಟೆ ಬಾಳುತ್ತದೆ. ಹತ್ತು ಮೀಟರ್ ಆಳದಲ್ಲಿ ಬಾಳುವುದು ಒಂದೇ ಗಂಟೆ, ಇಪ್ಪತ್ತು ಮೀಟರಿನಲ್ಲಿ ನಲವತ್ತು ನಿಮಿಷ. ಪ್ರತಿ ಹತ್ತು ಮೀಟರ್ ನೀರು ಒಂದು ವಾಯುಮಂಡಲದಷ್ಟು ಒತ್ತಡವನ್ನು ಸೇರಿಸುತ್ತದೆ. ಆ ಒತ್ತಡದಲ್ಲಿ ಶ್ವಾಸಕೋಶ ತುಂಬಬೇಕಾದರೆ ಗಾಳಿಯೂ ಅಷ್ಟೇ ಒತ್ತಡದಲ್ಲಿ, ಅಷ್ಟೇ ಸಾಂದ್ರವಾಗಿ ಬಾಯಿಗೆ ಬರಬೇಕು. ಮಾಸ್ಕ್, ಫಿನ್, ವೆಟ್‌ಸೂಟ್, ಸೀಸದ ತೂಕದ ಬೆಲ್ಟ್, ತೇಲುವುದನ್ನೂ ಮುಳುಗುವುದನ್ನೂ ಹಿಡಿತದಲ್ಲಿಡುವ ಗಾಳಿಜಾಕೀಟು ಎಲ್ಲವೂ ಬೇಕಾದವೇ. ಆದರೆ ಬೇಕಾದ ಒತ್ತಡದ ಗಾಳಿಯನ್ನು ಬೇಕಾದ ಕ್ಷಣಕ್ಕೆ ಕೊಡುವುದು ರೆಗ್ಯುಲೇಟರ್ ಒಂದೇ. ಸ್ಕೂಬಾದ ಜೀವ ಇರುವುದು ಅದರಲ್ಲಿ.

ರೆಗ್ಯುಲೇಟರಿಗೆ ಎರಡು ಹಂತಗಳಿವೆ. ಸಿಲಿಂಡರಿನ ಕತ್ತಿಗೆ ಕೂರುವ ಮೊದಲ ಹಂತ 200 ಬಾರ್ ಒತ್ತಡವನ್ನು, ಸುತ್ತಲಿನ ನೀರಿನ ಒತ್ತಡಕ್ಕಿಂತ ಸುಮಾರು ಹತ್ತು ಬಾರ್ ಮಾತ್ರ ಹೆಚ್ಚಿರುವಷ್ಟಕ್ಕೆ ತಗ್ಗಿಸುತ್ತದೆ. ಎರಡನೆಯ ಹಂತ ಬಾಯಲ್ಲಿ ಕಚ್ಚಿಕೊಳ್ಳುವ ಡಬ್ಬಿ. ಅದನ್ನು ಬಿಚ್ಚಿ ನೋಡಿದರೆ ಒಳಗೆ ದೊಡ್ಡ ಯಂತ್ರವೇನೂ ಕಾಣುವುದಿಲ್ಲ. ಅಂಗೈ ಅಗಲದ ತೆಳು ರಬ್ಬರಿನ ಪರದೆ, ಅದಕ್ಕೆ ತಾಗಿಕೊಂಡ ಒಂದು ಸನ್ನೆ, ಸನ್ನೆಯ ತುದಿಗೊಂದು ಕವಾಟ, ಇಷ್ಟೇ. ಪರದೆಯ ಹೊರಬದಿಗೆ ನೀರು, ಒಳಬದಿಗೆ ಗಾಳಿ. ಉಸಿರು ಎಳೆದೊಡನೆ ಒಳಗಿನ ಒತ್ತಡ ತುಸು ಇಳಿದು ನೀರು ಪರದೆಯನ್ನು ಒಳಕ್ಕೆ ದಬ್ಬುತ್ತದೆ, ಸನ್ನೆ ಬಾಗುತ್ತದೆ, ಕವಾಟ ತೆರೆಯುತ್ತದೆ. ಎರಡೂ ಬದಿಯ ಒತ್ತಡ ಸಮವಾದಾಗ ಕವಾಟ ಮುಚ್ಚಿಕೊಳ್ಳುತ್ತದೆ. ಎಷ್ಟು ಆಳದಲ್ಲಿದ್ದೇವೆ ಎಂದು ಅದಕ್ಕೆ ಯಾರೂ ಹೇಳಬೇಕಾಗಿಲ್ಲ. ಸುತ್ತಲಿನ ನೀರೇ ಹೇಳುತ್ತದೆ.

ಈ ಉಪಾಯದ ಕೀರ್ತಿ ಸಾಮಾನ್ಯವಾಗಿ ಫ್ರಾನ್ಸಿನ ನೌಕಾಧಿಕಾರಿ ಜಾಕ್ ಕುಸ್ತೋಗೆ ಹೋಗುತ್ತದೆ. ಇತಿಹಾಸ ಅಷ್ಟು ಸರಳವಲ್ಲ. 1860ರ ದಶಕದಲ್ಲೇ ಗಣಿ ಎಂಜಿನಿಯರ್ ರೂಕೆರೋಲ್ ಮತ್ತು ನೌಕಾಪಡೆಯ ದೆನೆರೂಜ್ ಇಂಥದೇ ಪರದೆಯ ಉಪಕರಣ ಮಾಡಿದ್ದರು. ಆ ಕಾಲದ ಲೋಹದ ಪಾತ್ರೆಗಳು ಹೆಚ್ಚು ಒತ್ತಡ ತಾಳುತ್ತಿರಲಿಲ್ಲವಾದ್ದರಿಂದ ಅದರಲ್ಲಿ ತುಂಬಿಟ್ಟ ಗಾಳಿ ಹೆಚ್ಚು ಹೊತ್ತು ಬರುತ್ತಿರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಪ್ಯಾರಿಸ್ಸಿಗೆ ಪೆಟ್ರೋಲ್ ಸಿಗದಾದಾಗ ಎಮಿಲ್ ಗಾನ್ಯಾನ್ ಎಂಬ ಎಂಜಿನಿಯರ್ ಕಾರುಗಳನ್ನು ಅನಿಲದಿಂದ ಓಡಿಸಲು ಕವಾಟವೊಂದನ್ನು ಮಾಡಿದ್ದರು. ಕುಸ್ತೋ ಕೇಳಿದ್ದಕ್ಕೆ ಅದನ್ನೇ ಮಾರ್ಪಡಿಸಿಕೊಟ್ಟರು. ಮಾರ್ನ್ ನದಿಯಲ್ಲಿ ಪರೀಕ್ಷಿಸಿದಾಗ ಮಲಗಿ ಈಜುವವನಿಗೆ ಗಾಳಿ ಚೆನ್ನಾಗಿ ಬಂತು. ನೆಟ್ಟಗೆ ನಿಂತರೆ ಗುಳುಗುಳು ಎಂದು ಸೋರಿಹೋಗುತ್ತಿತ್ತು, ತಲೆಕೆಳಗಾದರೆ ಎಳೆಯುವುದೇ ಕಷ್ಟವಾಗುತ್ತಿತ್ತು. ಗಾಳಿ ಹೊರಹೋಗುವ ಬಾಯಿ ಪರದೆಯಿಂದ ದೂರವಿದ್ದು, ಎರಡರ ನಡುವೆ ಒಂದು ಗೇಣಿನಷ್ಟು ಆಳದ ವ್ಯತ್ಯಾಸ ಬೀಳುತ್ತಿದ್ದುದೇ ಇದಕ್ಕೆ ಕಾರಣ. ಎರಡನ್ನೂ ಪಕ್ಕಪಕ್ಕ ತಂದಾಗ ತೊಂದರೆ ನೀಗಿ, 1943ರಲ್ಲಿ 'ಅಕ್ವಾಲಂಗ್' ಸಿದ್ಧವಾಯಿತು. ಒಂದು ಗೇಣು ನೀರು ತರುವ ಒತ್ತಡದ ವ್ಯತ್ಯಾಸವೂ ಉಪಕರಣವನ್ನು ಕೆಡಿಸಬಲ್ಲದು ಎಂಬುದು ಇಲ್ಲಿ ಗಮನಿಸಬೇಕಾದ ಮಾತು.

ರೆಗ್ಯುಲೇಟರ್ ಉಸಿರಿನ ಸಮಸ್ಯೆಯನ್ನು ಬಗೆಹರಿಸಿತು, ಜೊತೆಗೇ ಇನ್ನೊಂದನ್ನು ತಂದಿಟ್ಟಿತು. ಗಾಳಿಯ ಶೇ. 78ರಷ್ಟು ಸಾರಜನಕ. ಅದು ದೇಹಕ್ಕೆ ಉಪಯೋಗವಿಲ್ಲ, ಹಾಗೆಂದು ಸುಮ್ಮನೆ ಹೊರಗೂ ಹೋಗುವುದಿಲ್ಲ. ಒತ್ತಡ ಹೆಚ್ಚಿದಷ್ಟೂ ರಕ್ತದಲ್ಲಿ, ಕೊಬ್ಬಿನಲ್ಲಿ, ಕೀಲುಗಳಲ್ಲಿ ಕರಗಿಕೊಳ್ಳುತ್ತದೆ. ಮೇಲೇರುವಾಗ ಒತ್ತಡ ಇಳಿಯುತ್ತದೆ, ಕರಗಿದ್ದು ಹೊರಬರಬೇಕು. ನಿಧಾನವಾಗಿ ಬಂದರೆ ಶ್ವಾಸದ ಮೂಲಕ ಹೋಗುತ್ತದೆ. ಅವಸರವಾದರೆ ದೇಹದೊಳಗೇ ಗುಳ್ಳೆಯಾಗುತ್ತದೆ. ರಾಬರ್ಟ್ ಬಾಯ್ಲ್ 1670ರಲ್ಲೇ ಒತ್ತಡ ತಗ್ಗಿಸಿದ ಪಾತ್ರೆಯಲ್ಲಿಟ್ಟ ಹಾವಿನ ಕಣ್ಣೊಳಗೆ ಗುಳ್ಳೆಯೊಂದು ಓಡಾಡಿದ್ದನ್ನು ಕಂಡು ಬರೆದಿಟ್ಟಿದ್ದರು. ಎರಡು ಶತಮಾನ ಕಳೆದ ಮೇಲೆ ಅಮೆರಿಕದಲ್ಲಿ ದೊಡ್ಡ ಸೇತುವೆಗಳ ಬುನಾದಿ ತೋಡಲು ಒತ್ತಡದ ಗಾಳಿ ತುಂಬಿದ ಪೆಟ್ಟಿಗೆಗಳೊಳಗೆ ಇಳಿದ ಕೂಲಿಕಾರರು ಕೆಲಸ ಮುಗಿಸಿ ಮೇಲೆ ಬಂದ ಬಳಿಕ ಕೀಲುನೋವಿನಿಂದ ಬಾಗಿಹೋದರು, ಕೆಲವರು ಸತ್ತರು. ಇದಕ್ಕೆ ಸಾರಜನಕದ ಗುಳ್ಳೆಗಳೇ ಕಾರಣವೆಂದು ಫ್ರಾನ್ಸಿನ ಪಾಲ್ ಬೆರ್ 1878ರಲ್ಲಿ ತೋರಿಸಿದರು.

ಎಷ್ಟು ನಿಧಾನವಾಗಿ ಏರಿದರೆ ಸಾಕು ಎಂಬುದನ್ನು ಲೆಕ್ಕಕ್ಕೆ ತಂದವರು ಜಾನ್ ಸ್ಕಾಟ್ ಹಾಲ್ಡೇನ್. ಕೊನೆಗಾಲದಲ್ಲಿ ಭಾರತದ ಪೌರರಾಗಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಜೆ.ಬಿ.ಎಸ್. ಹಾಲ್ಡೇನ್ ಇವರ ಮಗ. ತಂದೆ ಹಾಲ್ಡೇನ್ ಆಡುಗಳನ್ನು ಉಕ್ಕಿನ ಕೋಣೆಯಲ್ಲಿಟ್ಟು ಒತ್ತಡ ಏರಿಸಿ ಇಳಿಸಿ ನೋಡಿದರು. ನೋವಾದ ಆಡು ಮುಂಗಾಲು ಎತ್ತಿ ನಿಲ್ಲುತ್ತಿತ್ತು. ಆ ಎತ್ತಿದ ಕಾಲೇ ಅವರಿಗೆ ಅಳತೆಗೋಲು. 1908ರಲ್ಲಿ ಪ್ರಕಟವಾದ ಅವರ ಪ್ರಬಂಧದ ತಿರುಳು ಇಷ್ಟು: ಮುಖ್ಯವಾದುದು ಒತ್ತಡ ಎಷ್ಟು ಇಳಿಯಿತು ಎಂಬುದಲ್ಲ, ಎಷ್ಟು ಪಟ್ಟು ಇಳಿಯಿತು ಎಂಬುದು. ಎರಡು ವಾಯುಮಂಡಲದಿಂದ ಒಂದಕ್ಕೆ, ಅಂದರೆ ಹತ್ತು ಮೀಟರ್ ಆಳದಿಂದ ನೇರ ಮೇಲ್ಮೈಗೆ, ಬರಬಹುದು ಎಂದು ಅವರು ಲೆಕ್ಕ ಹಾಕಿದರು. ಈ ಎರಡು ಪಟ್ಟಿನ ಲೆಕ್ಕ ತುಸು ಧಾರಾಳದ್ದೆಂದು ಮುಂದೆ ಗೊತ್ತಾಯಿತು, ಆದರೆ ಪಟ್ಟಿನಲ್ಲಿ ಯೋಚಿಸುವ ಕ್ರಮ ಉಳಿಯಿತು.

ಹಾಲ್ಡೇನರ ಇನ್ನೊಂದು ಕಾಣ್ಕೆ ನಮ್ಮ ಭಾಗದ ರೈತರಿಗೆ ಬೇಗ ಅರ್ಥವಾಗುವಂಥದು. ದೇಹದ ಎಲ್ಲ ಅಂಗಾಂಶಗಳೂ ಸಾರಜನಕವನ್ನು ಒಂದೇ ವೇಗದಲ್ಲಿ ಕುಡಿಯುವುದಿಲ್ಲ, ಒಂದೇ ವೇಗದಲ್ಲಿ ಬಿಡುವುದೂ ಇಲ್ಲ. ಮಸಾರಿ ಹೊಲ ಮಳೆಯನ್ನು ಬೇಗ ಹೀರಿ ಬೇಗ ಒಣಗುತ್ತದೆ. ಎರೆಹೊಲಕ್ಕೆ ಒಂದು ಹದ ಮಳೆ ಬಿದ್ದರೆ ಮೇಲಿನ ಪದರವಷ್ಟೇ ಒದ್ದೆ. ಎಡೆಬಿಡದೆ ಹಿಡಿದರೆ ಮಾತ್ರ ಆಳಕ್ಕೆ ಇಳಿಯುತ್ತದೆ, ಇಳಿದ ಹಸಿ ತಿಂಗಳುಗಟ್ಟಲೆ ಆರುವುದಿಲ್ಲ. ಹಿಂಗಾರಿಯಲ್ಲಿ ಒಂದು ಹನಿ ಮಳೆಯಿಲ್ಲದೆ ಬಿಳಿಜೋಳ, ಕಡಲೆ ಬೆಳೆಯುವುದು ಆ ಹಸಿಯ ಮೇಲೇ. ರಕ್ತ, ಮಿದುಳು ಮಸಾರಿಯಿದ್ದಂತೆ. ಕೊಬ್ಬು, ಕೀಲುಗಳ ಸುತ್ತಲಿನ ಭಾಗ ಎರೆಯಿದ್ದಂತೆ. ಹಾಲ್ಡೇನ್ ದೇಹವನ್ನು ಐದು ಬಗೆಯ ಹೊಲಗಳಾಗಿ ವಿಂಗಡಿಸಿದರು. ಅತಿ ಬೇಗ ಬಿಡುವುದು ಐದು ನಿಮಿಷದಲ್ಲಿ ಅರ್ಧ ಖಾಲಿ, ಅತಿ ನಿಧಾನದ್ದು ಎಪ್ಪತ್ತೈದು ನಿಮಿಷದಲ್ಲಿ. ಸ್ವಿಟ್ಜರ್ಲೆಂಡಿನ ವೈದ್ಯ ಆಲ್ಬರ್ಟ್ ಬ್ಯೂಲ್ಮನ್ ಇದನ್ನು ಹದಿನಾರಕ್ಕೆ ಹಿಗ್ಗಿಸಿದರು. ಅವರ ಲೆಕ್ಕದಲ್ಲಿ ಅತಿ ನಿಧಾನದ ಅಂಗಾಂಶ ಅರ್ಧ ಖಾಲಿಯಾಗಲು 635 ನಿಮಿಷ, ಅಂದರೆ ಹತ್ತೂವರೆ ಗಂಟೆ ಬೇಕು. ಕೈಗೆ ಕಟ್ಟುವ ಡೈವ್ ಕಂಪ್ಯೂಟರುಗಳಲ್ಲಿ ಹಲವು ಇಂದಿಗೂ ಇದೇ ಲೆಕ್ಕ ಹಾಕುತ್ತವೆ. ನೇತ್ರಾಣಿಯಲ್ಲಿ ತರಬೇತುದಾರರ ಕೈ ಹಿಡಿದು ಒಮ್ಮೆ ಕೆಲವೇ ಮೀಟರ್ ಇಳಿದು ಬಂದವರದು ಒಂದು ಹದ ಮಳೆ. ಎರಡು ಮೂರು ದಿನ ಕೋರ್ಸ್ ಮಾಡುತ್ತ ದಿನಕ್ಕೆ ಎರಡು ಮೂರು ಸಲ 18 ಮೀಟರಿನವರೆಗೆ ಹೋದವರದು ಎಡೆಬಿಡದ ಜಡಿಮಳೆ.

ಇನ್ನು ಊರಿನ ದಾರಿ. ಅಂಕೋಲಾ ದಾಟಿ ಅರಬೈಲ್ ಘಟ್ಟ ಹತ್ತಿದರೆ ಯಲ್ಲಾಪುರ, ಹುಬ್ಬಳ್ಳಿ, ಧಾರವಾಡ. ಧಾರವಾಡ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ಕಿತ್ತೂರು 700ರ ಆಸುಪಾಸು, ಬೈಲಹೊಂಗಲ 650ಕ್ಕೂ ಮೇಲೆ. ರಾಮದುರ್ಗ 600ಕ್ಕಿಂತ ಕೊಂಚ ಕೆಳಗೆ ಬಂದರೂ ಅಲ್ಲಿಗೆ ಹೋಗುವವರು ಹುಬ್ಬಳ್ಳಿಯ ಎತ್ತರವನ್ನು ದಾಟಿಯೇ ಹೋಗಬೇಕು. ಬಯಲುಸೀಮೆಯಲ್ಲಿ ಬೆಟ್ಟವೆಲ್ಲಿ ಎನ್ನುವವರು ಮಲಪ್ರಭೆಯ ನವಿಲುತೀರ್ಥ ಅಣೆಕಟ್ಟಿನ ನೀರಿನ ಮಟ್ಟವನ್ನು ಪತ್ರಿಕೆಯಲ್ಲಿ ನೋಡಬೇಕು. ಜಲಾಶಯದ ಗರಿಷ್ಠ ಮಟ್ಟ 2,079.50 ಅಡಿ ಎಂದಿರುತ್ತದೆ. ಅದು ನೀರಿನ ಆಳವಲ್ಲ, ಸಮುದ್ರಮಟ್ಟದಿಂದ ಇರುವ ಎತ್ತರ. ಡೈವಿಂಗಿನ ನಂತರ ವಿಮಾನ ಹತ್ತುವವರಿಗಾಗಿ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆ 2002ರಲ್ಲಿ ರೂಪಿಸಿದ ಮಾರ್ಗಸೂಚಿ ಅನ್ವಯವಾಗುವುದು 2,000 ಅಡಿಯಿಂದ 8,000 ಅಡಿವರೆಗಿನ ಎತ್ತರಕ್ಕೆ. ಒಂದೇ ಸಲ ಮುಳುಗಿದವರು ಕನಿಷ್ಠ 12 ಗಂಟೆ, ಹಲವು ಸಲ ಅಥವಾ ಹಲವು ದಿನ ಮುಳುಗಿದವರು ಕನಿಷ್ಠ 18 ಗಂಟೆ ಕಾಯಬೇಕು ಎನ್ನುತ್ತದೆ ಅದು. ತುಂಬಿದ ನವಿಲುತೀರ್ಥದ ನೀರೇ ಆ ಗೆರೆಗಿಂತ 79 ಅಡಿ ಮೇಲಿದೆ. ಡೈವ್ ಕಂಪ್ಯೂಟರಿನ ಪರದೆಯ ಮೇಲೆ ಎಚ್ಚರಿಕೆಗಾಗಿ ಪುಟ್ಟದೊಂದು ವಿಮಾನದ ಚಿತ್ರ ಬರುವುದುಂಟು. ನಾವು ಹೋಗುವುದು ಕಾರಿನಲ್ಲಿ, ಅದು ನಮಗಲ್ಲ ಎಂದುಕೊಂಡರೆ ತಪ್ಪು. ಒತ್ತಡ ಇಳಿದದ್ದು ರೆಕ್ಕೆಯಿಂದಲೋ ಗಾಲಿಯಿಂದಲೋ ಎಂಬುದು ರಕ್ತಕ್ಕೆ ತಿಳಿಯುವುದಿಲ್ಲ.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. 650–750 ಮೀಟರ್ ಎತ್ತರಕ್ಕೆ ಗಾಳಿಯ ಒತ್ತಡ ಇಳಿಯುವುದು ಶೇ. 7–8ರಷ್ಟು ಮಾತ್ರ. ನೀರಿನ ಲೆಕ್ಕದಲ್ಲಿ ಅದು ಒಂದು ಮೀಟರೂ ಆಗುವುದಿಲ್ಲ. ಹದಿನೆಂಟು ಮೀಟರ್ ಏರಿ ಬಂದವನಿಗೆ ಇನ್ನೊಂದು ಮೀಟರ್ ಯಾವ ಲೆಕ್ಕ? ಜೊತೆಗೆ, 12 ಮತ್ತು 18 ಗಂಟೆಯ ನಿಯಮಕ್ಕೆ ಆಧಾರವಾದ ಪ್ರಯೋಗಗಳು ನಡೆದದ್ದು 8,000 ಅಡಿ ಎತ್ತರದ ಒತ್ತಡದಲ್ಲಿ, ಧಾರವಾಡದ ಎತ್ತರದಲ್ಲಲ್ಲ. ಈ ಮಾತುಗಳನ್ನು ತಳ್ಳಿಹಾಕುವಂತಿಲ್ಲ. ಅಮೆರಿಕದ ನೌಕಾಪಡೆಯ ಕೋಷ್ಟಕವೂ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಅದು 1,000 ಅಡಿಯ ಏರಿಕೆಯಿಂದಲೇ ಲೆಕ್ಕ ಶುರುಮಾಡುತ್ತದೆ. ಸಾರಜನಕದ ಹೊರೆ ಕಡಿಮೆ ಇದ್ದವರು ಕಾಯುವುದೇ ಬೇಡ ಎನ್ನುತ್ತದೆ, ಹೊರೆ ಮತ್ತು ಎತ್ತರ ಹೆಚ್ಚಿದಂತೆ ಗಂಟೆಗಳನ್ನು ಹೆಚ್ಚಿಸುತ್ತದೆ. ಹೀಗಾಗಿ ನೇತ್ರಾಣಿಯಲ್ಲಿ ಒಮ್ಮೆ ಇಳಿದು ಬಂದ ಪ್ರವಾಸಿಗನಿಗೆ ಘಟ್ಟ ಹತ್ತಿದರೆ ಲಕ್ವ ಹೊಡೆಯುತ್ತದೆ ಎಂದು ಹೆದರಿಸುವುದು ವಿಜ್ಞಾನವಲ್ಲ. ಅವನ ಅಪಾಯ ತೀರಾ ಸಣ್ಣದು.

ಆದರೆ 'ಒಂದೇ ಮೀಟರ್' ಎಂಬ ವಾದ ಹಾಲ್ಡೇನ್ ಕಲಿಸಿದ ಪಾಠವನ್ನೇ ಮರೆಯುತ್ತದೆ. ಆಳದಲ್ಲಿ ಒಂದು ಮೀಟರ್ ಏರಿದರೆ ಒತ್ತಡದ ಪ್ರಮಾಣ ಹೆಚ್ಚೇನೂ ಬದಲಾಗುವುದಿಲ್ಲ, ಮೇಲ್ಮೈ ಹತ್ತಿರ ಬಂದಷ್ಟೂ ಅದೇ ಒಂದು ಮೀಟರಿನ ಬೆಲೆ ಏರುತ್ತದೆ. ಊರಿನ ದಾರಿಯ ಮೀಟರ್ ಎಲ್ಲಕ್ಕಿಂತ ಕೊನೆಯದು, ಆದ್ದರಿಂದ ಎಲ್ಲಕ್ಕಿಂತ ದುಬಾರಿ. ಸಮುದ್ರಮಟ್ಟದಲ್ಲಿ ಹತ್ತು ಮೀಟರ್ ಎಂದು ಬಂದ ಹಾಲ್ಡೇನರ ಮಿತಿ ಧಾರವಾಡದ ಗಾಳಿಯಲ್ಲಿ ಎಂಟು ಮೀಟರ್ ಚಿಲ್ಲರೆಗೆ ಕುಗ್ಗುತ್ತದೆ. ಅಲ್ಲದೆ, ಯಾವ ನೋವೂ ಇಲ್ಲದ ಡೈವರುಗಳ ರಕ್ತದಲ್ಲೂ ಮೇಲೆ ಬಂದ ಹೊತ್ತಿಗೆ ಸಣ್ಣ ಗುಳ್ಳೆಗಳಿರುವುದನ್ನು ಡಾಪ್ಲರ್ ಶಬ್ದಪರೀಕ್ಷೆ ತೋರಿಸಿದೆ. ಒತ್ತಡ ಇನ್ನಷ್ಟು ಇಳಿದರೆ ಇರುವ ಗುಳ್ಳೆಗಳು ಹಿಗ್ಗುತ್ತವೆ. ಮೂರು ದಿನದ ಕೋರ್ಸಿನ ಕೊನೆಯ ಡೈವ್ ಮುಗಿಸಿ, ಬಿಸಿಲಿನಲ್ಲಿ ಬೆವೆತು, ನೀರು ಸಾಲದೆ, ಸಂಜೆಯೇ ಘಟ್ಟ ಹತ್ತುವವನಿಗೆ ಈ ಲೆಕ್ಕ ಬರೀ ಪುಸ್ತಕದ್ದಲ್ಲ. ಅವನಿಗೆ ರಾತ್ರಿ ಮೊಣಕೈಯೋ ಭುಜವೋ ನೋಯತೊಡಗಿದರೆ, ಕೈಕಾಲು ಜೋಮು ಹಿಡಿದರೆ, ಪ್ರಯಾಣದ ದಣಿವು ಎಂದು ಮಲಗಿಬಿಡುವ ಸಂಭವವೇ ಹೆಚ್ಚು. ಹಾಗೆ ಮಲಗಬಾರದು. ಆಸ್ಪತ್ರೆಗೆ ಹೋಗಿ, ಎಲ್ಲಕ್ಕಿಂತ ಮೊದಲು ಡೈವ್ ಮಾಡಿ ಬಂದಿದ್ದೇನೆ ಎಂದು ವೈದ್ಯರಿಗೆ ಹೇಳಬೇಕು. ಇಲ್ಲಿ ಮೊದಲ ಚಿಕಿತ್ಸೆ ಶುದ್ಧ ಆಮ್ಲಜನಕ, ನಂತರದ್ದು ಒತ್ತಡದ ಕೋಣೆ.

ಇಷ್ಟೆಲ್ಲ ಲೆಕ್ಕ ಮಾಡುತ್ತ ಕೂರುವ ಬದಲು ನಮ್ಮೂರಿನ ನವಿಲುತೀರ್ಥದಲ್ಲೇ ಮುಳುಗಿದರಾಯಿತಲ್ಲ ಎಂದು ಕೇಳಬಹುದು. ಅಲ್ಲಿ ನೀರಿಗಿಳಿಯಲು ಅನುಮತಿ ಬೇಕು, ಎರೆಮಣ್ಣು ಕದಡಿದ ನೀರಿನಲ್ಲಿ ಏನೂ ಕಾಣುವುದಿಲ್ಲ ಎಂಬುದಿರಲಿ, ಎತ್ತರದ ಲೆಕ್ಕ ಅಲ್ಲೂ ಬಿಡುವುದಿಲ್ಲ. ಸಮುದ್ರಕ್ಕಾಗಿ ಮಾಡಿದ ಕೋಷ್ಟಕಗಳನ್ನು 300 ಮೀಟರಿಗಿಂತ ಮೇಲಿನ ಕೆರೆ, ಜಲಾಶಯಗಳಲ್ಲಿ ಹಾಗೆಯೇ ಬಳಸುವಂತಿಲ್ಲ. ನವಿಲುತೀರ್ಥದ 18 ಮೀಟರ್ ಆಳವನ್ನು ಕೋಷ್ಟಕದಲ್ಲಿ 19 ಮೀಟರ್ ಚಿಲ್ಲರೆ ಎಂದು ಓದಬೇಕು. ಬ್ಯೂಲ್ಮನ್ ತಮ್ಮ ಕೋಷ್ಟಕಗಳಲ್ಲಿ ಎತ್ತರಕ್ಕೆ ಅಷ್ಟು ಮಹತ್ವ ಕೊಟ್ಟದ್ದು ಅವರ ದೇಶದ ಜನ ಮುಳುಗುವುದೇ ಬೆಟ್ಟದ ಸರೋವರಗಳಲ್ಲಿ ಎಂಬ ಕಾರಣಕ್ಕೆ. ದಖ್ಖನ್ ಪ್ರಸ್ಥಭೂಮಿಯ ಜಲಾಶಯಗಳಲ್ಲಿ ಶೋಧಕ್ಕೆ ಇಳಿಯುವವರಿಗೂ ಇದು ಅನ್ವಯಿಸುತ್ತದೆ.

ಪರಿಹಾರ ಸುಲಭ, ಖರ್ಚೂ ಹೆಚ್ಚಿಲ್ಲ. ಪ್ರವಾಸದ ಮೊದಲ ದಿನ ಡೈವ್ ಇಟ್ಟುಕೊಂಡು, ದೇವಸ್ಥಾನ, ಕಡಲತೀರ, ಗೋಕರ್ಣವನ್ನು ಆಮೇಲೆ ನೋಡಿದರೆ ಕಾಯುವ ಹೊತ್ತು ಸಮುದ್ರಮಟ್ಟದಲ್ಲೇ ಕಳೆಯುತ್ತದೆ. ಜೋಗ, ಶಿರಸಿ ನೋಡುವುದಿದ್ದರೆ ಬರುವಾಗ ಬೇಡ, ಹೋಗುವಾಗ ನೋಡಬೇಕು. ಕೋರ್ಸ್ ಮಾಡಿದವರು ಕೊನೆಯ ಡೈವ್ ಆದ ಮೇಲೆ ಒಂದು ರಾತ್ರಿ ಕರಾವಳಿಯಲ್ಲೇ ಉಳಿಯಬೇಕು. ಇದನ್ನು ಪ್ರವಾಸಿಗರ ಜ್ಞಾನಕ್ಕೇ ಬಿಡುವುದೂ ಸರಿಯಲ್ಲ. ಡೈವಿಂಗ್ ಕೇಂದ್ರಗಳು ತುಂಬಿಸಿಕೊಳ್ಳುವ ಆರೋಗ್ಯದ ಅರ್ಜಿಯಲ್ಲಿ ಹೃದಯ, ಕಿವಿ, ದಮ್ಮಿನ ಬಗ್ಗೆ ಕೇಳುತ್ತಾರೆ. ಕರ್ನಾಟಕದಲ್ಲಿ ಕರಾವಳಿ ಬಿಟ್ಟರೆ ಉಳಿದ ಬಹುಪಾಲು ಜನ ಘಟ್ಟದ ಮೇಲೆಯೇ ಇರುವುದರಿಂದ, ಆ ಅರ್ಜಿಯಲ್ಲಿ ಇನ್ನೊಂದು ಸಾಲು ಇರಲೇಬೇಕು: ನಿಮ್ಮ ಊರು ಯಾವುದು, ಇಲ್ಲಿಂದ ಎಷ್ಟು ಹೊತ್ತಿಗೆ ಹೊರಡುತ್ತೀರಿ?