ಸಣ್ಣ ವಿಮಾನಗಳ ಸಾಗರೋಲ್ಲಂಘನ: ಪೂರ್ವಗಣನೆಯನ್ನು ಕುರಿತು ಕೆಲವು ವಿಚಾರಗಳು

೧೯೩೨ನೆಯ ಇಸವಿಯ ಅಕ್ಟೋಬರ್ ೧೫ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಟಪಾಲು ಚೀಲಗಳನ್ನು ಹೇರಿಕೊಂಡು, ಅಹಮದಾಬಾದಿನ ಮಾರ್ಗವಾಗಿ ಮುಂಬಯಿಯ ಜುಹು ಬಯಲಿಗೆ ಬಂದಿಳಿದರು. ಅಲ್ಲಿಂದ ಮುಂದಕ್ಕೆ ಅವರ ಸಹೋದ್ಯೋಗಿ ನೆವಿಲ್ ವಿನ್ಸೆಂಟ್ ಅವರು ಅದೇ ಟಪಾಲನ್ನು ಬಳ್ಳಾರಿಯ ಮೂಲಕ ಮದರಾಸಿಗೆ ಒಯ್ದರು. ಮುಂಬಯಿಗೂ ಬಳ್ಳಾರಿಗೂ ನಡುವೆ ನಕ್ಷೆಯ ಮೇಲೆ ಒಂದು ದಾರವನ್ನು ಬಿಗಿಯಾಗಿ ಹಿಡಿದು ನೋಡಿದರೆ, ಸುಮಾರು ೬೧೦ ಕಿಲೋಮೀಟರ್ ಉದ್ದದ ಆ ಗೆರೆಯು ಗಜೇಂದ್ರಗಡದ ಈಶಾನ್ಯಕ್ಕೆ ಇಪ್ಪತ್ತೈದು ಕಿಲೋಮೀಟರಿನಷ್ಟು ದೂರದಲ್ಲಿ ಹಾದುಹೋಗುತ್ತದೆ. ರೋಣ, ನರಗುಂದ, ಗಜೇಂದ್ರಗಡಗಳ ಕಡೆಯ ವಿದ್ಯಾರ್ಥಿಗಳಿಗೆ ವಿಮಾನಯಾನದ ಇತಿಹಾಸವನ್ನು ಹೇಳಬೇಕಾದಾಗ ಈ ದಾರದಿಂದಲೇ ಆರಂಭಿಸುವುದು ನನ್ನ ವಾಡಿಕೆ. ಅಮೆರಿಕ, ಇಂಗ್ಲೆಂಡುಗಳ ಕಥೆಯೆಂದು ಅವರು ಭಾವಿಸಿದ್ದುದು ತಮ್ಮ ಹೊಲಗಳ ನೆತ್ತಿಗೆ ಅಷ್ಟು ಸಮೀಪ ಬಂದಿತ್ತೆಂದು ತಿಳಿದಾಗ ಅವರ ಮುಖಭಾವವೇ ಬೇರೆಯಾಗುತ್ತದೆ.

ಟಾಟಾ ಅವರ ವಿಮಾನವು ಡಿ ಹ್ಯಾವಿಲೆಂಡ್ ಕಂಪನಿಯ ‘ಪಸ್ ಮಾತ್’ ಎಂಬ ಜಾತಿಯದು: ಒಂದೇ ಎಂಜಿನು, ಎರಡು ಮೂರು ಜನರಿಗೆ ಸಾಲುವಷ್ಟು ಮುಚ್ಚಿದ ಕೋಣೆ. ಅದಕ್ಕೆ ಕೇವಲ ಎರಡು ತಿಂಗಳ ಹಿಂದೆ, ಅದೇ ವರ್ಷದ ಆಗಸ್ಟ್ ೧೮ರಂದು, ಜಿಮ್ ಮಾಲಿಸನ್ ಎಂಬಾತನು ಇಂಥದೇ ಒಂದು ಪಸ್ ಮಾತ್ ವಿಮಾನದಲ್ಲಿ ಐರ್ಲೆಂಡಿನ ಕಡಲ ದಂಡೆಯಿಂದ ಒಬ್ಬನೇ ಹೊರಟು, ಅಟ್ಲಾಂಟಿಕ್ ಸಾಗರವನ್ನು ಪೂರ್ವದಿಂದ ಪಶ್ಚಿಮಕ್ಕೆ ದಾಟಿ ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತದಲ್ಲಿ ಇಳಿದನು. ಯಂತ್ರ ಒಂದೇ, ವರ್ಷ ಒಂದೇ. ಆದರೆ ಮೊದಲನೆಯವರು ಟಪಾಲನ್ನು ಹೊತ್ತರು. ಎರಡನೆಯವನು ಪ್ರಯಾಣಿಕರ ಸ್ಥಳವನ್ನೆಲ್ಲ ಇಂಧನದ ಟ್ಯಾಂಕುಗಳಿಗೆ ಬಿಟ್ಟುಕೊಟ್ಟನು. ಈ ವ್ಯತ್ಯಾಸದ ಒಳಗೇ ಪ್ರಸ್ತುತ ಲೇಖನದ ವಿಷಯವೆಲ್ಲ ಅಡಗಿದೆ.

ನಮ್ಮ ಪಠ್ಯಪುಸ್ತಕಗಳಲ್ಲಿ ಇಂತಹ ಯಾನಗಳು ಬರುವುದು ಸಾಹಸದ ಅಧ್ಯಾಯದಲ್ಲಿ. ದಾಟಿದವನು ಧೀರ, ಮುಳುಗಿದವನು ದುರ್ದೈವಿ. ವಿದ್ಯಾರ್ಥಿಗೆ ಉಳಿಯುವುದು ಇಷ್ಟೆ. ದಾಟಿದವನಿಗೂ ಮುಳುಗಿದವನಿಗೂ ಧೈರ್ಯವು ಸಮನಾಗಿಯೇ ಇತ್ತೆಂಬುದನ್ನು ಯಾರೂ ಕೇಳಿಕೊಳ್ಳುವುದಿಲ್ಲ. ೧೯೨೭ರ ಮೇ ೮ರಂದು ಪ್ಯಾರಿಸಿನಿಂದ ಹೊರಟ ನಂಜೆಸೇರ್ ಮತ್ತು ಕೋಲಿ ಎಂಬ ಫ್ರೆಂಚ್ ವೈಮಾನಿಕರು ಮತ್ತೆ ಕಾಣಿಸಲಿಲ್ಲ. ಅದೇ ತಿಂಗಳ ೨೦ರಂದು ನ್ಯೂಯಾರ್ಕಿನಿಂದ ಹೊರಟ ಲಿಂಡ್‌ಬರ್ಗನು ಮಾರನೆಯ ರಾತ್ರಿ ಪ್ಯಾರಿಸನ್ನು ತಲಪಿದನು. ಇಲ್ಲಿ ಧೈರ್ಯದ ತಾರತಮ್ಯವನ್ನು ಅಳೆಯುವುದು ಇತಿಹಾಸಕಾರನ ಕೆಲಸವಲ್ಲ. ಹೊರಡುವ ಮುನ್ನ ಮೇಜಿನ ಮೇಲೆ ಯಾವ ಲೆಕ್ಕ ನಡೆಯಿತು, ಹಿಂದಿರುಗುವ ನಿರ್ಧಾರವನ್ನು ಯಾವಾಗ ಮತ್ತು ಎಲ್ಲಿ ಮಾಡಲಾಗಿತ್ತು, ಎಂಬುದು ಅವನು ಕೇಳಬೇಕಾದ ಪ್ರಶ್ನೆ.

ಮೊದಲು ನೆಲದ ಮಾತು. ವಿನ್ಸೆಂಟರ ಯುಗದ ವೈಮಾನಿಕನಲ್ಲಿ ರೇಡಿಯೋ ಇರಲಿಲ್ಲ. ಆದರೂ ಈ ಸೀಮೆಯ ಮೇಲೆ ಹಾರುವವನಿಗೆ ಆಧಾರಗಳು ಹೇರಳವಾಗಿದ್ದವು. ಮಲಪ್ರಭೆಯ ತಿರುವುಗಳು, ಗದಗಿನಿಂದ ಬಾದಾಮಿಯ ಕಡೆಗೆ ಹೋಗುವ ರೈಲು ಹಳಿ, ಬಾಬಾಸಾಹೇಬರ ೧೮೫೮ರ ಬಂಡಾಯದಿಂದ ಹೆಸರಾದ ನರಗುಂದದ ಗುಡ್ಡ, ಗಜೇಂದ್ರಗಡದ ಬೆಟ್ಟಸಾಲು, ಇವೆಲ್ಲ ಸಮತಟ್ಟಾದ ಎರೆಭೂಮಿಯ ನಡುವೆ ಬಹುದೂರಕ್ಕೆ ಕಾಣುತ್ತವೆ. ಎಂಜಿನು ಕೆಟ್ಟರೆ ಹೊಲದಲ್ಲಿ ಇಳಿಯಬಹುದು. (ಮಳೆ ಬಿದ್ದ ಎರೆಹೊಲದಲ್ಲಿ ಇಳಿದವನು ಮತ್ತೆ ಮೇಲಕ್ಕೇಳುವುದು ಬೇರೆ ಮಾತು, ಅದು ನಮ್ಮ ಎತ್ತಿನ ಗಾಡಿಗೂ ಸಾಧ್ಯವಿಲ್ಲ.) ಕಡಲಿನ ಮೇಲೆ ಇವು ಯಾವುವೂ ಇಲ್ಲ. ಅಲ್ಲಿ ತಪ್ಪನ್ನು ತಿದ್ದಿಕೊಳ್ಳುವ ಅವಕಾಶವನ್ನು ನೆಲ ಕೊಡುವುದಿಲ್ಲವಾದುದರಿಂದ, ಇಂಧನದ ರೂಪದಲ್ಲಿ ಅದನ್ನು ಜತೆಗೇ ಒಯ್ಯಬೇಕು.

ಇಂಧನವೇ ಮೊದಲ ಸಂಕಟ. ಒಂದು ಲೀಟರ್ ಪೆಟ್ರೋಲಿನ ತೂಕ ಸುಮಾರು ೭೨೦ ಗ್ರಾಂ. ದೂರ ಹೆಚ್ಚಿದಂತೆ ಇಂಧನ ಹೆಚ್ಚಬೇಕು. ಇಂಧನ ಹೆಚ್ಚಿದಂತೆ ಆ ಭಾರವನ್ನು ಹೊರಲು ಮತ್ತಷ್ಟು ಇಂಧನ ಬೇಕು. ಲಿಂಡ್‌ಬರ್ಗನ ವಿಮಾನವು ನೆಲ ಬಿಡುವಾಗ ಅದರ ಒಟ್ಟು ತೂಕದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಇಂಧನದ್ದೇ ಆಗಿತ್ತು: ಸುಮಾರು ೪೫೦ ಅಮೆರಿಕನ್ ಗ್ಯಾಲನ್. ಅದಕ್ಕಾಗಿ ಆತನು ರೇಡಿಯೋವನ್ನೂ ಪ್ಯಾರಾಶೂಟನ್ನೂ ಬಿಟ್ಟನು. ದೊಡ್ಡ ಟ್ಯಾಂಕನ್ನು ತನ್ನ ಮುಂದುಗಡೆಯೇ ಇರಿಸಿಕೊಂಡುದರಿಂದ ಎದುರಿನ ನೋಟವೂ ಮುಚ್ಚಿಹೋಯಿತು. ಸುಮಾರು ೫,೮೦೦ ಕಿಲೋಮೀಟರ್ ದೂರವನ್ನು ಮೂವತ್ತಮೂರೂವರೆ ಗಂಟೆಗಳಲ್ಲಿ ಕ್ರಮಿಸಿ ಇಳಿದಾಗ ಟ್ಯಾಂಕಿನಲ್ಲಿ ಇನ್ನೂ ಸಾಕಷ್ಟು ಪೆಟ್ರೋಲು ಉಳಿದಿತ್ತು. ಈ ಉಳಿಕೆಯನ್ನು ಅದೃಷ್ಟವೆಂದು ಕರೆಯಲಾಗದು. ನೂರು ನೂರು ಮೈಲಿಗಳ ತುಂಡುಗಳಾಗಿ ದಾರಿಯನ್ನು ನಕ್ಷೆಯ ಮೇಲೆ ಒಡೆದು, ಪ್ರತಿಯೊಂದು ತುಂಡಿಗೂ ದಿಕ್ಸೂಚಿಯ ಅಂಕವನ್ನು ಮುಂದಾಗಿಯೇ ಬರೆದಿಟ್ಟುಕೊಂಡವನ ಉಳಿಕೆ ಅದು.

ಎರಡನೆಯ ಸಂಕಟ ಗಾಳಿ. ಇದನ್ನು ವಿವರಿಸಲು ಗಜೇಂದ್ರಗಡಕ್ಕಿಂತ ಉತ್ತಮವಾದ ಸ್ಥಳ ನನಗೆ ತಿಳಿಯದು. ಬೆಟ್ಟದ ಮೇಲಿನ ಗಾಳಿಯಂತ್ರಗಳನ್ನು ಅಲ್ಲಿ ವಿನೋದಕ್ಕಾಗಿ ನಿಲ್ಲಿಸಿಲ್ಲ. ಆಷಾಢದ ಪಡುವಣ ಗಾಳಿಯಲ್ಲಿ ಅಲ್ಲಿಂದ ರೋಣಕ್ಕೆ ಸೈಕಲ್ ತುಳಿದವರು, ಹೋಗುವಾಗ ಕಳೆದುಕೊಂಡ ಸಮಯವನ್ನು ಬರುವಾಗ ಗಾಳಿಯೇ ಮರಳಿಸುತ್ತದೆಂದು ನಂಬುತ್ತಾರೆ. ವಿದ್ಯಾರ್ಥಿಯಾಗಿದ್ದಾಗ ನಾನೂ ಹಾಗೆಯೇ ನಂಬಿ ಕತ್ತಲಾದ ಮೇಲೆ ಮನೆ ಸೇರಿ ಬೈಸಿಕೊಂಡಿದ್ದೇನೆ. ದಾರಿ ೩೦ ಕಿಲೋಮೀಟರ್, ಸವಾರನ ವೇಗ ಗಂಟೆಗೆ ೧೫ ಎಂದು ಹಿಡಿಯೋಣ. ಗಾಳಿಯಿಲ್ಲದಿದ್ದರೆ ಹೋಗಿಬರಲು ೪ ಗಂಟೆ. ಗಾಳಿಯು ಹೋಗುವಾಗ ೫ ಕಿಲೋಮೀಟರನ್ನು ಕಳೆದು, ಬರುವಾಗ ಅಷ್ಟನ್ನೇ ಕೂಡಿಸಿದರೆ, ಹೋಗಲು ೩ ಗಂಟೆ, ಬರಲು ಒಂದೂವರೆ ಗಂಟೆ, ಒಟ್ಟು ನಾಲ್ಕೂವರೆ. ಗಾಳಿಯು ಕಸಿದುಕೊಂಡಷ್ಟನ್ನು ಹಿಂದಕ್ಕೆ ಕೊಡುವುದಿಲ್ಲ. ಏಕೆಂದರೆ ಅದು ನಮ್ಮನ್ನು ತಡೆಯುವ ಕಾಲವು ನೂಕುವ ಕಾಲಕ್ಕಿಂತ ದೀರ್ಘವಾದುದು.

ಸೈಕಲಿನ ಸವಾರನಿಗೆ ಅರ್ಧ ಗಂಟೆ ತಡವಾಗುವಲ್ಲಿ ವೈಮಾನಿಕನಿಗೆ ಪ್ರಾಣವೇ ಹೋದೀತು. ೧,೨೦೦ ಕಿಲೋಮೀಟರ್ ಅಗಲದ ಕಡಲು; ವಿಮಾನದ ಸ್ವಂತ ವೇಗ ಗಂಟೆಗೆ ೨೦೦; ಎದುರುಗಾಳಿ ೫೦. ಹೋಗುವ ವೇಗ ೧೫೦, ಹಿಂದಿರುಗುವ ವೇಗ ೨೫೦ ಆಯಿತು. ನಡುದಾರಿಯಲ್ಲಿ, ಎಂದರೆ ೬೦೦ ಕಿಲೋಮೀಟರಿನಲ್ಲಿ, ಎಂಜಿನು ತಡವರಿಸಲು ಆರಂಭಿಸಿತೆನ್ನಿ. ಮುಂದಿನ ದಡಕ್ಕೆ ೪ ಗಂಟೆ. ಹಿಂದಿನ ದಡಕ್ಕೆ ೨ ಗಂಟೆ ೨೪ ನಿಮಿಷ. ಅಳತೆಯಲ್ಲಿ ನಡುವೆ ಇದ್ದರೂ ಕಾಲದಲ್ಲಿ ಆತನು ಹಿಂದಿನ ದಡಕ್ಕೇ ಸಮೀಪದಲ್ಲಿದ್ದಾನೆ. ಎರಡು ದಡಗಳೂ ಸಮಾನ ಕಾಲದೂರದಲ್ಲಿರುವ ಸ್ಥಾನ ೭೫೦ನೆಯ ಕಿಲೋಮೀಟರು. ಅಲ್ಲಿಂದ ಎತ್ತ ಹೋದರೂ ೩ ಗಂಟೆ. ಇದನ್ನು ಸಮಕಾಲ ಬಿಂದು ಎನ್ನೋಣ.

ಇದಕ್ಕಿಂತ ಕಠೋರವಾದುದು ಇನ್ನೊಂದು ಬಿಂದು. ಮೀಸಲನ್ನು ಬಿಟ್ಟು ೧೦ ಗಂಟೆಗೆ ಸಾಲುವಷ್ಟು ಇಂಧನವಿದ್ದರೆ, ಮೇಲಿನ ಗಾಳಿಯಲ್ಲಿ ೬ ಗಂಟೆ ೧೫ ನಿಮಿಷ ಹಾರಿ, ಸುಮಾರು ೯೩೭ ಕಿಲೋಮೀಟರ್ ಹೋಗುವ ತನಕ ಹಿಂದಿರುಗುವ ಸ್ವಾತಂತ್ರ್ಯವುಂಟು; ಮರಳಲು ಉಳಿದ ೩ ಗಂಟೆ ೪೫ ನಿಮಿಷ ಸಾಕು. ಅದನ್ನು ದಾಟಿದ ಮೇಲೆ ಹೊರಟ ದಡವು ನಕ್ಷೆಯಲ್ಲಿದ್ದರೂ ವೈಮಾನಿಕನ ಪಾಲಿಗೆ ಇಲ್ಲವಾಗುತ್ತದೆ. ಆದುದರಿಂದ ಬುದ್ಧಿವಂತನಾದವನು ಈ ಎರಡು ಬಿಂದುಗಳನ್ನು ಹೊರಡುವ ಮುನ್ನವೇ ಗುರುತಿಸಿ, ‘ಇಂತಿಷ್ಟು ಗಂಟೆಗೆ ಮುಂದಿನ ದಡದ ಹವೆಯ ಸುದ್ದಿ ತಿಳಿಯದಿದ್ದರೆ ತಿರುಗತಕ್ಕದ್ದು’ ಎಂದು ಬರೆದಿಟ್ಟುಕೊಳ್ಳುತ್ತಾನೆ. ಹತ್ತು ಗಂಟೆ ನಿದ್ದೆಗೆಟ್ಟು ಕುಳಿತವನ ವಿವೇಕದ ಮೇಲೆ, ಅದರಲ್ಲೂ ಮುಂದಿನ ದಡದಲ್ಲಿ ಜನ ಹಾರ ಹಿಡಿದು ಕಾದಿರುವಾಗ, ಭರವಸೆ ಇಡಲಾಗದು.

ಮೂರನೆಯದು ದಾರಿ ಹುಡುಕುವ ಸಮಸ್ಯೆ. ದಿಕ್ಕಿನಲ್ಲಿ ಒಂದು ಅಂಶದ ತಪ್ಪಾದರೆ ೬೦ ಕಿಲೋಮೀಟರಿಗೆ ಒಂದು ಕಿಲೋಮೀಟರಿನಷ್ಟು ಪಕ್ಕಕ್ಕೆ ಸರಿಯುತ್ತೇವೆ. ೯೦೦ ಕಿಲೋಮೀಟರಿಗೆ ೧೫. ಖಂಡವನ್ನು ಹುಡುಕುವವನಿಗೆ ಇದು ಕ್ಷುಲ್ಲಕ, ದ್ವೀಪವನ್ನು ಹುಡುಕುವವನಿಗೆ ಸರ್ವನಾಶ. ೧೯೩೧ರಲ್ಲಿ ಫ್ರಾನ್ಸಿಸ್ ಚಿಚೆಸ್ಟರ್ ಎಂಬಾತನು ನ್ಯೂಜಿಲೆಂಡಿನಿಂದ ಆಸ್ಟ್ರೇಲಿಯಕ್ಕೆ ಹೊರಟಾಗ ಆತನ ಜಿಪ್ಸಿ ಮಾತ್ ವಿಮಾನವು ಟಾಸ್ಮನ್ ಸಮುದ್ರವನ್ನು ಒಂದೇ ಹಾರಾಟದಲ್ಲಿ ದಾಟುವಷ್ಟು ಇಂಧನವನ್ನು ಹೊರಲಾರದಾಗಿತ್ತು. ರಾಮಾಯಣದಲ್ಲಿ ಹನುಮಂತನಿಗೆ ಕಡಲ ನಡುವೆ ಮೈನಾಕ ಪರ್ವತವು ಮೇಲೆದ್ದು ಬಂದು ಆತಿಥ್ಯ ನೀಡಿತಂತೆ. ಚಿಚೆಸ್ಟರನ ಮೈನಾಕಗಳು ನಾರ್‌ಫೋಕ್ ಮತ್ತು ಲಾರ್ಡ್ ಹೌ ಎಂಬ ಎರಡು ದ್ವೀಪಗಳು. ಅವು ತಾವಾಗಿ ಎದ್ದುಬರುವಂಥವಲ್ಲ. ನಾರ್‌ಫೋಕ್ ದ್ವೀಪದ ಉದ್ದವೇ ಎಂಟು ಕಿಲೋಮೀಟರಿನಷ್ಟು.

ಆತನು ಕೈಗೊಂಡ ಉಪಾಯವು ಮೊದಲ ನೋಟಕ್ಕೆ ಹುಚ್ಚಿನಂತೆ ತೋರುತ್ತದೆ: ಗುರಿಯನ್ನು ಬೇಕೆಂದೇ ತಪ್ಪಿಸಿ ಹಾರುವುದು. ನರಗುಂದದಿಂದ ಕತ್ತಲಲ್ಲಿ ಹೊಲಗಳನ್ನು ಹಾದು ಮೂಡಣಕ್ಕೆ ನಡೆದು ಹೊಳೆಆಲೂರಿನ ರೈಲು ನಿಲ್ದಾಣವನ್ನು ಸೇರಬೇಕಾದವನನ್ನು ನೆನೆಯಿರಿ. ನೇರವಾಗಿ ನಿಲ್ದಾಣಕ್ಕೇ ಗುರಿಯಿಟ್ಟು ನಡೆದರೆ ಆತನಿಗೆ ಹಳಿ ಸಿಕ್ಕೀತು, ನಿಲ್ದಾಣ ಕಾಣದು. ಎಡಕ್ಕೆ ಹೋಗಬೇಕೊ ಬಲಕ್ಕೆ ಹೋಗಬೇಕೊ ತಿಳಿಯದು. ಆದರೆ ಮೊದಲಿನಿಂದಲೂ ಸಾಕಷ್ಟು ಬಲಕ್ಕೆ, ಎಂದರೆ ಗದಗಿನ ದಿಕ್ಕಿಗೆ, ವಾಲಿಕೊಂಡೇ ನಡೆದಿದ್ದರೆ, ಹಳಿ ಕಾಲಿಗೆ ತಗುಲಿದ ಕ್ಷಣದಲ್ಲಿ ನಿಸ್ಸಂದೇಹವಾಗಿ ಎಡಕ್ಕೆ ತಿರುಗಬಹುದು. ಚಿಚೆಸ್ಟರನಿಗೆ ಕಬ್ಬಿಣದ ಹಳಿಯಿರಲಿಲ್ಲ. ಸೆಕ್ಸ್‌ಟಂಟಿನಿಂದ ಸೂರ್ಯನ ಎತ್ತರವನ್ನು ಅಳೆದು, ಇಂತಹ ಗಳಿಗೆಯಲ್ಲಿ ಇಷ್ಟು ಎತ್ತರ ಕಾಣುವ ಸ್ಥಳಗಳೆಲ್ಲ ಇಂತಹ ಗೆರೆಯ ಮೇಲಿವೆ ಎಂದು ಲೆಕ್ಕ ಹಾಕಿ, ದ್ವೀಪದ ಮೂಲಕ ಹಾಯುವ ಆ ಗೆರೆಯನ್ನೇ ಹಳಿಯನ್ನಾಗಿ ಮಾಡಿಕೊಂಡನು. ಗೆರೆಯನ್ನು ಮುಟ್ಟಿದೊಡನೆ ತಿರುಗಿದನು, ದ್ವೀಪ ಸಿಕ್ಕಿತು. ಲಾರ್ಡ್ ಹೌ ದ್ವೀಪದಲ್ಲಿ ಲಂಗರು ಹಾಕಿ ನಿಲ್ಲಿಸಿದ್ದ ವಿಮಾನವು ಬಿರುಗಾಳಿಗೆ ಸಿಕ್ಕಿ ಮುರಿಯಿತು. ದ್ವೀಪವಾಸಿಗಳ ನೆರವಿನಿಂದ ವಾರಗಟ್ಟಲೆ ದುಡಿದು ಅದನ್ನು ಮತ್ತೆ ಕಟ್ಟಿ ಮುಂದೆ ಹಾರಿದನು. ಗಾಳಿಯಲ್ಲಿ ಮಾಡಿದ ಲೆಕ್ಕವೆಲ್ಲ ಸರಿಯಾಗಿ, ನಿಂತಲ್ಲಿ ವಿಮಾನ ಮುರಿದುದು ವಿಚಿತ್ರವಾದರೂ ನಿಜ.

೧೯೩೭ರ ಜೂನಿನಲ್ಲಿ ಕರಾಚಿ, ಕಲ್ಕತ್ತೆಗಳ ಮೂಲಕ ಹಾದುಹೋದ ಅಮೇಲಿಯಾ ಇಯರ್‌ಹಾರ್ಟ್ ಜುಲೈ ೨ರಂದು ಪೆಸಿಫಿಕ್ ಸಾಗರದ ಹೌಲಂಡ್ ದ್ವೀಪವನ್ನು ಹುಡುಕುತ್ತ ಕಣ್ಮರೆಯಾದಳು. ಆಕೆಯದು ಎರಡು ಎಂಜಿನುಗಳ ದೊಡ್ಡ ವಿಮಾನ, ಜತೆಯಲ್ಲಿ ನುರಿತ ಮಾರ್ಗದರ್ಶಿ ಫ್ರೆಡ್ ನೂನನ್. ದ್ವೀಪದ ಬಳಿ ಕಾದಿದ್ದ ಹಡಗಿಗೆ ಆಕೆಯ ಧ್ವನಿ ಕೇಳಿಸಿತು; ಆದರೆ ರೇಡಿಯೋದಿಂದ ದಿಕ್ಕನ್ನು ಗುರುತಿಸುವ ಪ್ರಯತ್ನ ಕೈಗೂಡಲಿಲ್ಲ. ಯಾವ ಅಲೆಯಳತೆಯಲ್ಲಿ ಯಾರು ಮಾತಾಡಬೇಕು, ಯಾರು ಯಾರ ದಿಕ್ಕನ್ನು ಕಂಡುಹಿಡಿಯಬೇಕು ಎಂಬುದು ಹೊರಡುವ ಮುನ್ನ ಇಬ್ಬರಿಗೂ ಒಂದೇ ರೀತಿಯಲ್ಲಿ ತಿಳಿದಿರಲಿಲ್ಲ. ಆ ಅಂತ್ಯಕ್ಕೆ ಇದೊಂದೇ ಕಾರಣವೆಂದು ಸಾಧಿಸಹೊರಡುವುದು ಇತಿಹಾಸದ ಶಿಸ್ತಿಗೆ ಒಪ್ಪುವುದಿಲ್ಲ. ಮೇಜಿನ ಮೇಲೆ ಮುಗಿಯಬೇಕಾಗಿದ್ದ ಒಂದು ಕೆಲಸವು ಆಕಾಶಕ್ಕೆ ಉಳಿದಿತ್ತೆಂಬುದಂತೂ ದಾಖಲೆಯಲ್ಲಿದೆ.

ಉಪಗ್ರಹಗಳ ನೆರವಿನಿಂದ ಈಗ ದ್ವೀಪವನ್ನು ಹುಡುಕುವ ಕಷ್ಟವು ಬಹುಮಟ್ಟಿಗೆ ತೀರಿದೆ. ಉಳಿದವು ತೀರಿಲ್ಲ. ೨೦೧೯ರ ಮೇ ತಿಂಗಳಲ್ಲಿ ಮುಂಬಯಿಯ ಆರೋಹಿ ಪಂಡಿತ್ ಅವರು ‘ಮಾಹಿ’ ಎಂಬ ಸೈನಸ್ ೯೧೨ ಜಾತಿಯ ಒಂಟಿ ಎಂಜಿನಿನ ಹಗುರ ವಿಮಾನದಲ್ಲಿ ಸ್ಕಾಟ್ಲೆಂಡಿನ ವಿಕ್ ಎಂಬಲ್ಲಿಂದ ಐಸ್‌ಲೆಂಡ್, ಗ್ರೀನ್‌ಲೆಂಡ್‌ಗಳ ಮೂಲಕ ಕೆನಡಾದ ಇಕಾಲುಯಿತ್ ಪಟ್ಟಣವನ್ನು ಒಬ್ಬರೇ ತಲಪಿ, ಈ ವರ್ಗದ ವಿಮಾನದಲ್ಲಿ ಅಟ್ಲಾಂಟಿಕನ್ನು ಏಕಾಂಗಿಯಾಗಿ ದಾಟಿದ ಮೊದಲ ಮಹಿಳೆಯೆನಿಸಿದರು. ದಾರಿಯನ್ನು ನೋಡಿದರೆ ಅದೂ ಚಿಚೆಸ್ಟರನ ದಾರಿಯೇ: ಸಾಗರವನ್ನು ದ್ವೀಪದಿಂದ ದ್ವೀಪಕ್ಕೆ ಒಡೆದುಕೊಳ್ಳುವುದು. ಅಂತಹ ಉತ್ತರದ ಕಡಲುಗಳಲ್ಲಿ ರೆಕ್ಕೆಗೆ ಹಿಡಿಯುವ ಮಂಜುಗಡ್ಡೆಯು ಎದುರುಗಾಳಿಗಿಂತ ಭಯಂಕರ. ತಣ್ಣೀರಿನಲ್ಲಿ ಬಿದ್ದವನಿಗೆ ಈಜು ಬಂದರೂ ಬಹಳ ಹೊತ್ತು ಬದುಕಲಾಗದುದರಿಂದ ನೀರು ತಡೆಯುವ ಉಡುಪು, ಗಾಳಿ ತುಂಬುವ ತೆಪ್ಪ, ಸಂಕೇತ ಕಳುಹಿಸುವ ಯಂತ್ರಗಳು ಬೇಕು. ಅವುಗಳ ಭಾರವೂ ಇಂಧನದ ಪಾಲಿನಿಂದಲೇ ಕಳೆಯಬೇಕು. ಇದೇ ಮಾಹಿ ವಿಮಾನದಲ್ಲಿ ಅವರು ೨೦೨೧ರ ಅಕ್ಟೋಬರ್ ೧೫ರಂದು ಟಾಟಾ ಅವರ ಯಾನದ ನೆನಪಿಗಾಗಿ ಭುಜದಿಂದ ಅಹಮದಾಬಾದಿನ ಮೂಲಕ ಜುಹುವಿಗೆ ಹಾರಿದರು.

ಈ ವಿಷಯವನ್ನು ಪಾಠ ಹೇಳುವಾಗ ನಾನು ಕೊನೆಯಲ್ಲಿ ಕೊಡುವ ಲೆಕ್ಕ ಹೀಗಿದೆ. ಮಂಗಳೂರಿನಿಂದ ಲಕ್ಷದ್ವೀಪದ ಅಗತ್ತಿಗೆ ನೇರ ದೂರ ಸುಮಾರು ೩೭೫ ಕಿಲೋಮೀಟರ್. ಗಂಟೆಗೆ ೧೮೦ ಕಿಲೋಮೀಟರ್ ವೇಗದ, ಗಂಟೆಗೆ ೩೦ ಲೀಟರ್ ಸುಡುವ ವಿಮಾನಕ್ಕೆ, ಗಾಳಿಯಿಲ್ಲದ ದಿನ, ಎಷ್ಟು ಪೆಟ್ರೋಲು ತುಂಬಿಸಬೇಕು? ತರಗತಿಯ ಬಹುಪಾಲು ಜನ ೨ ಗಂಟೆ ೫ ನಿಮಿಷವೆಂದು ಗುಣಿಸಿ ಸುಮಾರು ೬೩ ಲೀಟರ್ ಎಂದು ಬರೆಯುತ್ತಾರೆ. ಜಾಣರು ಇನ್ನೊಂದು ಹತ್ತು ಲೀಟರ್ ಕೂಡಿಸುತ್ತಾರೆ. ಕಳೆದ ಸಲ ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು, “ಸರ್, ಅಗತ್ತಿಯೊಳಗ ಮಳಿ ಹಿಡಿದು ಇಳಿಯಾಕ ಆಗಲಿಲ್ಲಂದ್ರ?” ಎಂದು ಕೇಳಿದಳು. ಅವಳನ್ನೇ ಹಲಗೆಯ ಬಳಿಗೆ ಕರೆದೆ. ಹೋಗಲು ೨ ಗಂಟೆ ೫ ನಿಮಿಷ, ದ್ವೀಪದ ಮೇಲೆ ಸುತ್ತುತ್ತ ಕಾಯಲು ಮುಕ್ಕಾಲು ಗಂಟೆ, ಮಂಗಳೂರಿಗೆ ಮರಳಲು ಮತ್ತೆ ೨ ಗಂಟೆ ೫ ನಿಮಿಷ ಎಂದು ಒಂದರ ಕೆಳಗೊಂದು ಬರೆದು ಕೂಡಿಸಿ, ಸ್ವಲ್ಪ ಹೊತ್ತು ಯೋಚಿಸಿ, ೬೩ನ್ನು ಒರಸಿ ೧೫೦ ಎಂದು ಬರೆದಳು.