ಅಮೆರಿಕ ಅಂದರೆ ಯಾವ ಊರು?

ಜಗಳೂರು ಸೀಮೆಯ ಬಿಳಿಚೋಡು ಕಡೆಯ ಹಳ್ಳಿಗಳಲ್ಲಿ ಯಾರದೋ ಮಗ ಅಮೆರಿಕಕ್ಕೆ ಹೋದನೆಂದರೆ ಮೊದಲ ಪ್ರಶ್ನೆ ಸಂಬಳದ್ದು, ಎರಡನೆಯದು ಮದುವೆಯದ್ದು. ಅಲ್ಲಿ ಯಾವ ಊರು ಎಂದು ಕೇಳುವವರು ಕಡಿಮೆ. ಕೇಳಿದರೂ ಡಲ್ಲಾಸ್, ಸಿಯಾಟಲ್, ನ್ಯೂಜೆರ್ಸಿ ಎಲ್ಲವೂ ಕಿವಿಗೆ ಒಂದೇ. ಆದರೆ ಆ ಹುಡುಗನ ದುಡಿಮೆಯಲ್ಲಿ ಬಾಡಿಗೆಗೆ ಎಷ್ಟು ಹೋಗುತ್ತದೆ, ಮಗಳ ಬಾಣಂತನಕ್ಕೆಂದು ವಿಮಾನ ಹತ್ತಿದ ತಾಯಿ ಆರು ತಿಂಗಳು ಖುಷಿಯಾಗಿರುತ್ತಾಳೋ ಕಿಟಕಿ ನೋಡುತ್ತ ದಿನ ಎಣಿಸುತ್ತಾಳೋ ಎಂಬುದೆಲ್ಲ ನಿಂತಿರುವುದು ಆ ಊರಿನ ಮೇಲೆ.

ಸಂಬಳ, ಹವೆ, ಶಾಲೆ ಎಂದು ಊರುಗಳನ್ನು ಅಳೆಯುವ ಪಟ್ಟಿಗಳು ಬೇಕಾದಷ್ಟಿವೆ. ಅವೆಲ್ಲಕ್ಕಿಂತ ಒಂದು ಪ್ರಶ್ನೆ ಹೆಚ್ಚು ಉಪಯೋಗಕ್ಕೆ ಬರುತ್ತದೆ: ಮನೆಯಿಂದ ಹೊರಬಿದ್ದು, ಯಾರ ಹಂಗೂ ಇಲ್ಲದೆ, ನಡೆದುಕೊಂಡು ಹೋಗಿ ಒಂದು ಪ್ಯಾಕೆಟ್ ಹಾಲು ತರಲು ಆಗುತ್ತದೆಯೇ? ಬಸ್‌ಸ್ಟ್ಯಾಂಡ್, ಚಹಾದಂಗಡಿ, ಗುಡಿ ಎಲ್ಲವೂ ಕಾಲಳತೆಯಲ್ಲಿರುವ ಊರಿಂದ ಹೋದವರಿಗೆ ಇದು ಪ್ರಶ್ನೆ ಅನ್ನಿಸುವುದೇ ಇಲ್ಲ. ಅಲ್ಲಿಗೆ ಹೋದ ವಾರದೊಳಗೆ ಅನ್ನಿಸುತ್ತದೆ.

ನ್ಯೂಯಾರ್ಕ್‌ನಲ್ಲಿ ಇದಕ್ಕೆ ಉತ್ತರ ಹೌದು. ಅಮೆರಿಕದಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮನೆಗಳಲ್ಲಿ ಕಾರಿದೆ. ನ್ಯೂಯಾರ್ಕ್ ನಗರದಲ್ಲಿ ಮಾತ್ರ ಅರ್ಧಕ್ಕಿಂತ ಹೆಚ್ಚು ಮನೆಗಳಿಗೆ ಕಾರೇ ಇಲ್ಲ. 1904ರಲ್ಲಿ ಶುರುವಾದ ಸಬ್‌ವೇ ರೈಲಿಗೆ 472 ನಿಲ್ದಾಣಗಳಿವೆ, ಹಗಲೂ ರಾತ್ರಿ ಓಡುತ್ತದೆ. ಕ್ವೀನ್ಸ್‌ನ ಫ್ಲಶಿಂಗ್‌ನಲ್ಲಿ 1977ರಲ್ಲಿ ಪ್ರತಿಷ್ಠಾಪನೆಯಾದ ಗಣೇಶನ ಗುಡಿಯಿದೆ. ಮೇಲೆ ಮಂಗಳಾರತಿ, ಕೆಳಗಿನ ನೆಲಮಾಳಿಗೆಯಲ್ಲಿ ಕ್ಯಾಂಟೀನು. ಟೋಕನ್ ನಂಬರ್ ಕೂಗಿದಾಗ ಎದ್ದು ಹೋಗಿ ದೋಸೆಯ ತಟ್ಟೆ ತರಬೇಕು. ದೇವರಿಗಿಂತ ದೋಸೆಗೆ ಬರುವವರೇ ಹೆಚ್ಚೇನೋ ಎಂಬ ಅನುಮಾನ ಶನಿವಾರ, ಭಾನುವಾರ ಬಂದೇ ಬರುತ್ತದೆ. ಇಂಗ್ಲಿಷ್ ಬಾರದ ಅಜ್ಜಿಯೂ ಏಳನೇ ನಂಬರಿನ ರೈಲು ಹತ್ತಿ ಮೇನ್ ಸ್ಟ್ರೀಟ್‌ನಲ್ಲಿ ಇಳಿಯುವುದನ್ನು ಕಲಿಯಬಲ್ಲಳು. ಆದರೆ ಮನೆ ಚಿಕ್ಕದು, ಬಾಡಿಗೆ ದೊಡ್ಡದು. ಹಳೆಯ ಕಟ್ಟಡವಾದರೆ ಲಿಫ್ಟೂ ಇಲ್ಲ. ಮಂಡಿನೋವಿನವರಿಗೆ ಸಬ್‌ವೇ ಮೆಟ್ಟಿಲು ದೊಡ್ಡ ತಪಸ್ಸು.

ಮಕ್ಕಳಾದ ಮೇಲೆ ಕನ್ನಡದ ಸಂಸಾರಗಳು ಹೆಚ್ಚಾಗಿ ನದಿ ದಾಟಿ ನ್ಯೂಜೆರ್ಸಿಗೆ ಹೋಗುವುದು ಇದಕ್ಕೇ. ಎಡಿಸನ್‌ನ ಓಕ್ ಟ್ರೀ ರೋಡಿನಲ್ಲಿ ಸೀರೆ, ಬಂಗಾರ, ಕರಿಬೇವು ಎಲ್ಲ ಸಿಗುತ್ತದೆ. ಉಡುಪಿಯ ಪುತ್ತಿಗೆ ಮಠದ ಕೃಷ್ಣ ವೃಂದಾವನವೂ ಆ ಊರಲ್ಲೇ ಇದೆ.

ಶಿಕಾಗೊ ನಡೆಯಲು ಒಳ್ಳೆಯ ಊರು, ವರ್ಷದಲ್ಲಿ ಏಳೆಂಟು ತಿಂಗಳು. ಉಳಿದ ಕಾಲದ ಕಥೆ ಬೇರೆ. 2019ರ ಜನವರಿ 30ರಂದು ಅಲ್ಲಿ ಉಷ್ಣಾಂಶ ಮೈನಸ್ 30 ಡಿಗ್ರಿಗೆ ಇಳಿದಿತ್ತು. ಹಳಿ ಸೇರುವ ಕಡೆ ಗ್ಯಾಸಿನ ಬೆಂಕಿ ಉರಿಸಿ ಲೋಕಲ್ ರೈಲು ಓಡಿಸಿದರು. ಹಿಮ ಬಿದ್ದ ಮರುದಿನದ ಒಂದು ದೃಶ್ಯ ಹೊಸಬರಿಗೆ ಅರ್ಥವೇ ಆಗುವುದಿಲ್ಲ. ರಸ್ತೆಬದಿ ಖಾಲಿ ಜಾಗದಲ್ಲಿ ಮುರುಕಲು ಕುರ್ಚಿ, ಇಸ್ತ್ರಿ ಮೇಜು, ಹಳೇ ಬಕೆಟ್. ಸಲಿಕೆ ಹಿಡಿದು ಕಾರಿನ ಜಾಗದ ಹಿಮ ಎತ್ತಿದವನು ಕೆಲಸಕ್ಕೆ ಹೋಗುವಾಗ ಅಲ್ಲಿ ಕುರ್ಚಿಯಿಟ್ಟು ಹೋಗುತ್ತಾನೆ. ಸಂಜೆ ಬರುವವರೆಗೆ ಆ ಜಾಗ ಅವನದು. ಕಾನೂನು ಒಪ್ಪದ ಈ ಹಕ್ಕನ್ನು ಓಣಿಯೇ ಕಾಯುತ್ತದೆ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದು ಬೆಳೆದವರಿಗೆ ಇದರ ನ್ಯಾಯ ಬಿಡಿಸಿ ಹೇಳಬೇಕಿಲ್ಲ.

ಕನ್ನಡಕ್ಕೆ ಶಿಕಾಗೊ ಇನ್ನೊಂದು ಕಾರಣಕ್ಕೂ ಮುಖ್ಯ. ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ 1962ರಿಂದ 1993ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ಸಿರಿಗೆರೆಯ ಸುತ್ತಲಿನ ಹಳ್ಳಿಗಳ ಮಕ್ಕಳು ಶಾಲೆಯಲ್ಲೇ ಬಾಯಿಪಾಠ ಮಾಡುವ ಬಸವಣ್ಣ, ಅಕ್ಕ, ಅಲ್ಲಮರ ವಚನಗಳು 1973ರ ‘ಸ್ಪೀಕಿಂಗ್ ಆಫ್ ಶಿವ’ದ ಮೂಲಕ ಇಂಗ್ಲಿಷ್ ಓದುಗರಿಗೆ ಸಿಕ್ಕಿದ್ದು ಅವರಿಂದ.

ಅದೇ ಇಲಿನಾಯ್ ರಾಜ್ಯದಲ್ಲಿ ಶಿಕಾಗೊದಿಂದ ಎರಡು ಗಂಟೆಯ ಹಾದಿಯಲ್ಲಿ ಬ್ಲೂಮಿಂಗ್ಟನ್ ಎಂಬ ಊರಿದೆ. ಜಗಳೂರು ಸೀಮೆಯ ಹುಡುಗನಿಗೆ ಅಮೆರಿಕದಲ್ಲಿ ಅತ್ಯಂತ ವಿಚಿತ್ರ ಅನ್ನಿಸಬೇಕಾದ ಊರು ಇದೇ. ದೊಡ್ಡ ವಿಮಾ ಕಂಪನಿ ಸ್ಟೇಟ್ ಫಾರ್ಮ್‌ನ ಮುಖ್ಯ ಕಚೇರಿ ಇಲ್ಲಿರುವುದರಿಂದ ಭಾರತದ ಸಾಫ್ಟ್‌ವೇರ್ ಮಂದಿ ಬಂದು ನೆಲೆಸಿದ್ದಾರೆ, ಗುಡಿಯೂ ಎದ್ದಿದೆ. ಊರ ಗಡಿ ದಾಟಿದರೆ ನಾಲ್ಕೂ ದಿಕ್ಕಿಗೆ ಮೆಕ್ಕೆಜೋಳ. ಜಗಳೂರಿನ ಮೆಕ್ಕೆಜೋಳದಂತೆ ಅಲ್ಲಿಯದೂ ಬಹುಪಾಲು ಮಳೆಯಾಶ್ರಿತವೇ. ಆದರೆ ಕಪ್ಪು ನೆಲ ಆಳವಾಗಿದೆ, ಮಳೆ ಹದವಾಗಿ ಬೀಳುತ್ತದೆ. ಒಳ್ಳೆಯ ವರ್ಷ ಎಕರೆಗೆ 50 ಕ್ವಿಂಟಲ್ ದಾಟುತ್ತದೆ. ಆ ಜೋಳದಲ್ಲಿ ಹೆಚ್ಚಿನದು ದನ, ಹಂದಿ, ಕೋಳಿಗಳ ಮೇವಿಗೆ, ಇಲ್ಲವೇ ಕಾರಿನ ಇಂಧನದಲ್ಲಿ ಬೆರೆಸುವ ಎಥೆನಾಲ್‌ಗೆ. ಮಗನ ಮನೆಗೆ ಹೋದ ರೈತ ಅಪ್ಪ ಮ್ಯೂಸಿಯಂ ಬಿಟ್ಟು ಹೊಲದ ಬದುವಿನಲ್ಲಿ ಕಾರು ನಿಲ್ಲಿಸು ಎಂದರೆ ಯಾರೂ ಆಶ್ಚರ್ಯಪಡಬೇಕಿಲ್ಲ.

ಟೆಕ್ಸಾಸ್‌ಗೆ ಬಂದರೆ ಹಾಲಿನ ಪ್ರಶ್ನೆ ಸೋಲುತ್ತದೆ. ಹ್ಯೂಸ್ಟನ್‌ನಲ್ಲಿ ಕೇಟಿ ಫ್ರೀವೇ ಎಂಬ ಹೆದ್ದಾರಿ, ಪಕ್ಕದ ರಸ್ತೆಗಳೂ ಸೇರಿ, ಒಂದು ಕಡೆ 26 ಲೇನ್ ಅಗಲವಿದೆ. ಇಲ್ಲಿ ಮಂಟಪದಂಥ ಮನೆ, ಎರಡು ಕಾರಿನ ಗ್ಯಾರೇಜು, ಹಿತ್ತಲಲ್ಲಿ ನುಗ್ಗೆ ಗಿಡ ಎಲ್ಲ ಇರುತ್ತದೆ. ಅಂಗಡಿ ಮಾತ್ರ ಮೈಲುಗಟ್ಟಲೆ ದೂರ, ಎಷ್ಟೋ ಕಡೆ ಫುಟ್‌ಪಾತೂ ಇಲ್ಲ. ಮಗ ಸೊಸೆ ಕೆಲಸಕ್ಕೆ ಹೋದರೆ ಹಗಲಿಡೀ ಬೀದಿಯಲ್ಲಿ ನರಪಿಳ್ಳೆಯೂ ಕಾಣುವುದಿಲ್ಲ. ರಾಜ್ಯದ ಆದಾಯ ತೆರಿಗೆ ಇಲ್ಲವೆಂದು ಕ್ಯಾಲಿಫೋರ್ನಿಯಾ ಬಿಟ್ಟು ಬಂದವರಿಗೆ ಇನ್ನೊಂದು ಬಿಲ್ ಕಾದಿರುತ್ತದೆ: ಎಷ್ಟೋ ಬಡಾವಣೆಗಳಲ್ಲಿ ಮನೆಯ ಬೆಲೆಯ ಶೇ. 2ರ ಆಸುಪಾಸು ಆಸ್ತಿ ತೆರಿಗೆ, ಪ್ರತಿ ವರ್ಷ. 2017ರ ಹಾರ್ವಿ ಚಂಡಮಾರುತದಲ್ಲಿ ಹ್ಯೂಸ್ಟನ್‌ನ ಬಡಾವಣೆಗಳು ಮುಳುಗಿದ್ದನ್ನು ಜನ ಮರೆತಿಲ್ಲ. ಡಲ್ಲಾಸ್‌ನಲ್ಲಂತೂ ತಿಂಗಳ ಮೊದಲ ಬುಧವಾರ ಮಧ್ಯಾಹ್ನ 12ಕ್ಕೆ ಸುಂಟರಗಾಳಿಯ ಸೈರನ್ನು ಪರೀಕ್ಷೆಗೆಂದು ಊದುತ್ತಾರೆ. ಮೊದಲೇ ಹೇಳಿರದಿದ್ದರೆ ಮನೆಯಲ್ಲಿ ಒಬ್ಬರೇ ಇರುವ ಹಿರಿಯರ ಎದೆ ಒಡೆಯುವುದು ಬಾಕಿ.

ಬಿಸಿಲು ನಮಗೇನು ಹೊಸದೇ ಎನ್ನುವವರು ಫೀನಿಕ್ಸ್ ನೋಡಬೇಕು. 2023ರಲ್ಲಿ ಜೂನ್ 30ರಿಂದ ಜುಲೈ 30ರವರೆಗೆ ಸತತ 31 ದಿನ ಅಲ್ಲಿ ಉಷ್ಣಾಂಶ 43 ಡಿಗ್ರಿ ದಾಟಿತು. ಡಾಂಬರು ರಸ್ತೆ 70 ಡಿಗ್ರಿಗೂ ಮೀರಿ ಕಾಯುತ್ತದೆ. ಬಿದ್ದವರು ಸುಟ್ಟಗಾಯದೊಂದಿಗೆ ಆಸ್ಪತ್ರೆ ಸೇರುತ್ತಾರೆ. ಎ.ಸಿ. ಕೆಟ್ಟರೆ ಅದು ಜೀವದ ಪ್ರಶ್ನೆ. ಸಿಯಾಟಲ್‌ನದು ಇದಕ್ಕೆ ತದ್ವಿರುದ್ಧ. ಮಳೆಯೂರು ಎಂದು ಹೆಸರಾದರೂ ಅಲ್ಲಿ ವರ್ಷಕ್ಕೆ ಬೀಳುವ ಮಳೆ ಹ್ಯೂಸ್ಟನ್‌ಗಿಂತ ಕಡಿಮೆ. ಕಾಡುವುದು ಮೋಡ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂಕಾಲಿನ ಹೊತ್ತಿಗೇ ಸೂರ್ಯ ಮುಳುಗುತ್ತಾನೆ, ಜೂನಿನಲ್ಲಿ ರಾತ್ರಿ ಒಂಬತ್ತಾದರೂ ಮುಳುಗುವುದಿಲ್ಲ. ಸಂಜೆಯ ದೀಪ ಯಾವಾಗ ಹಚ್ಚುವುದೆಂದು ಗಡಿಯಾರ ನೋಡಬೇಕು.

ಹವೆಯಲ್ಲಿ ಬೆಂಗಳೂರಿಗೆ ಹತ್ತಿರವಾದದ್ದು ಸಿಲಿಕಾನ್ ಕಣಿವೆ. ಫ್ರೀಮಾಂಟ್, ಸನ್ನಿವೇಲ್‌ನ ಪಾರ್ಕುಗಳಲ್ಲಿ ಸಂಜೆ ಭಾರತದ ಹಿರಿಯರ ಗುಂಪು ಹರಟುತ್ತಿರುತ್ತದೆ. ಉತ್ತರ ಕ್ಯಾಲಿಫೋರ್ನಿಯಾದ ಕನ್ನಡ ಕೂಟ 1973ರಷ್ಟು ಹಳೆಯದು. ತೊಡಕಿರುವುದು ಬೆಲೆಯಲ್ಲಿ: 10 ಲಕ್ಷ ಡಾಲರ್ ಹಿಡಿದು ಹೋದರೂ ಸಾಧಾರಣ ಒಂಟಿ ಮನೆ ಸಿಗುವುದು ಕಷ್ಟ.

ನಗರಗಳ ಮಾತಿನಲ್ಲಿ ಮರೆತೇಹೋಗುವವರು ಡಾಕ್ಟರುಗಳು. 1965ರಲ್ಲಿ ಆರಂಭವಾದ ದಾವಣಗೆರೆಯ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನಲ್ಲಿ ಕಲಿತು ಅಮೆರಿಕಕ್ಕೆ ಹೋದವರು ಅನೇಕರಿದ್ದಾರೆ. ಹೊರದೇಶದ ವೈದ್ಯರು ಜೆ-1 ವೀಸಾದಲ್ಲಿ ತರಬೇತಿ ಮುಗಿಸಿದರೆ ಎರಡು ವರ್ಷ ಸ್ವದೇಶಕ್ಕೆ ಮರಳಬೇಕು. ಬೇಡವೆಂದರೆ ವೈದ್ಯರ ಕೊರತೆಯಿರುವ ಕಡೆ ಮೂರು ವರ್ಷ ದುಡಿಯಬೇಕು. ಇದಕ್ಕೆ ರಾಜ್ಯಕ್ಕೆ ವರ್ಷಕ್ಕೆ 30 ಜಾಗ. ಹೀಗೆ ಹೋದವರು ಇಳಿಯುವುದು ಹೆಚ್ಚಾಗಿ ನಕ್ಷೆಯಲ್ಲಿ ಹುಡುಕಬೇಕಾದ ಊರುಗಳಲ್ಲಿ. ನಮ್ಮ ಹಳ್ಳಿಗಳ ಆರೋಗ್ಯ ಕೇಂದ್ರಗಳು ವೈದ್ಯರಿಗಾಗಿ ಕಾಯುತ್ತಿರುವಾಗ ಅಮೆರಿಕದ ಹಳ್ಳಿಗಳು ನಮ್ಮವರನ್ನು ಹೀಗೆ ಹಿಡಿದುಕೊಳ್ಳುತ್ತವೆ ಎಂಬುದು ಕಹಿಯಾದರೂ ನಿಜ.

ಇಂಥ ಒಂಟಿ ಊರುಗಳವರಿಗೂ ಆಸರೆಯಾಗಿರುವುದು ಕೂಟಗಳು: ಶಿಕಾಗೊದ ವಿದ್ಯಾರಣ್ಯ, ಡೆಟ್ರಾಯಿಟ್‌ನ ಪಂಪ, ವಾಷಿಂಗ್ಟನ್‌ನ ಕಾವೇರಿ, ಅಟ್ಲಾಂಟಾದ ನೃಪತುಂಗ. ಇವೆಲ್ಲವನ್ನೂ ಬೆಸೆದ ‘ಅಕ್ಕ’ ಒಕ್ಕೂಟ ತನ್ನ ಮೊದಲ ವಿಶ್ವ ಕನ್ನಡ ಸಮ್ಮೇಳನ ನಡೆಸಿದ್ದು 2000ದಲ್ಲಿ, ಹ್ಯೂಸ್ಟನ್‌ನಲ್ಲಿ. ಉತ್ತರ ಅಮೆರಿಕದ ವೀರಶೈವ ಸಮಾಜದ ಶಾಖೆಗಳು ಬಸವ ಜಯಂತಿ ಮಾಡುತ್ತವೆ. ಒಂದು ಸಂಜೆಯ ಕಾರ್ಯಕ್ರಮಕ್ಕೆ ನಾಲ್ಕು ಗಂಟೆ ಕಾರು ಓಡಿಸಿ ಬರುವವರಿದ್ದಾರೆ.

ಊರಲ್ಲಿರುವವರಿಗೆ ಈ ವ್ಯತ್ಯಾಸ ಮೊದಲು ತಾಗುವುದು ಫೋನಿನಲ್ಲಿ. ಬಿಳಿಚೋಡಿನಲ್ಲಿ ರಾತ್ರಿ ಎಂಟೂವರೆ ಅಂದರೆ ಬೇಸಿಗೆಯಲ್ಲಿ ನ್ಯೂಯಾರ್ಕಿಗೆ ಬೆಳಗಿನ ಹನ್ನೊಂದು, ಶಿಕಾಗೊಗೆ ಹತ್ತು, ಸಿಯಾಟಲ್‌ಗೆ ಎಂಟು. ನವೆಂಬರಿನಲ್ಲಿ ಅಲ್ಲಿನವರು ಗಡಿಯಾರ ಒಂದು ಗಂಟೆ ಹಿಂದಿಡುತ್ತಾರೆ, ಮಾರ್ಚ್‌ನಲ್ಲಿ ಮತ್ತೆ ಮುಂದಕ್ಕೆ. ಆ ವಾರಗಳಲ್ಲಿ ಎಷ್ಟೋ ಮನೆಗಳ ವಾಟ್ಸ್‌ಆಪ್ ಕರೆ ನಿದ್ದೆಗೋ ಆಫೀಸಿಗೋ ಅಡ್ಡ ಬರುತ್ತದೆ. ಅರಿಜೋನಾ ಗಡಿಯಾರ ಮುಟ್ಟುವುದಿಲ್ಲ. ಮಗಳು ಫೀನಿಕ್ಸ್‌ನಲ್ಲಿದ್ದರೆ ಈ ರಗಳೆಯಿಲ್ಲ, ವರ್ಷವಿಡೀ ಹನ್ನೆರಡೂವರೆ ಗಂಟೆಯ ಒಂದೇ ಲೆಕ್ಕ.